ಅಂಗೈಯಲ್ಲಿ ಆಟ ಇಟ್ಟವರು: ಗುಂಪೆ ಯೊಕೊಯಿ

2005ರ ಮೇ ತಿಂಗಳಲ್ಲಿ ಜಪಾನಿನಲ್ಲಿ ಒಂದು ವಿಚಿತ್ರ ವಿಡಿಯೋ ಗೇಮ್ ಬಿಡುಗಡೆಯಾಯಿತು. ಅದರಲ್ಲಿ ಓಡೋದಿಲ್ಲ, ಹಾರೋದಿಲ್ಲ, ಯಾರಿಗೂ ಗುಂಡು ಹೊಡೆಯೋದಿಲ್ಲ. ಎರಡು ಪರದೆಯ ಪುಟ್ಟ ಯಂತ್ರವನ್ನು ಪುಸ್ತಕದ ಹಾಗೆ ತಿರುಗಿಸಿ ಹಿಡಿದು, ಒಂದು ಪುಟದಲ್ಲಿ ಕಾಣುವ ಲೆಕ್ಕಕ್ಕೆ ಇನ್ನೊಂದು ಪುಟದಲ್ಲಿ ಪುಟ್ಟ ಕಡ್ಡಿಯಿಂದ ಉತ್ತರ ಬರೆಯಬೇಕು. ಎಂಟು ಕೂಡಿಸು ಐದು, ಒಂಬತ್ತು ಏಳಲ ಎಷ್ಟು, ಹೀಗೆ ಪ್ರೈಮರಿ ಶಾಲೆಯ ಮಗ್ಗಿ ಲೆಕ್ಕಗಳು. ಎಲ್ಲ ಮುಗಿದ ಮೇಲೆ ನಿಮ್ಮ ಮೆದುಳಿಗೆ ಎಷ್ಟು ವಯಸ್ಸಾಗಿದೆ ಅಂತ ಯಂತ್ರ ತೀರ್ಪು ಕೊಡುತ್ತದೆ. ಇಪ್ಪತ್ತೆರಡು ವರ್ಷದವರಿಗೆ ಅರವತ್ತು ಅಂತ ಬಂದರೆ ಆ ದಿನ ಊಟ ಸೇರೋದಿಲ್ಲ. ನಿಂಟೆಂಡೋ ಡಿಎಸ್‌ಗೆ ಬಂದ ಈ ಆಟಕ್ಕೆ ಯುರೋಪಿನಲ್ಲಿ ಬ್ರೈನ್ ಟ್ರೇನಿಂಗ್, ಅಮೆರಿಕದಲ್ಲಿ ಬ್ರೈನ್ ಏಜ್ ಅಂತ ಹೆಸರು. ಟೊಹೊಕು ವಿಶ್ವವಿದ್ಯಾಲಯದ ನರವಿಜ್ಞಾನಿ ರ್ಯೂತಾ ಕವಾಶಿಮಾ ಅವರ ಪುಸ್ತಕವನ್ನು ಆಧರಿಸಿದ ಇದು ಸುಮಾರು 1 ಕೋಟಿ 90 ಲಕ್ಷ ಪ್ರತಿ ಮಾರಾಟವಾಯಿತು. ಅದನ್ನು ಕೊಂಡವರಲ್ಲಿ ಎಷ್ಟೋ ಜನ ಅಲ್ಲಿಯವರೆಗೆ ವಿಡಿಯೋ ಗೇಮನ್ನೇ ಮುಟ್ಟದಿದ್ದ ಅಪ್ಪ ಅಮ್ಮಂದಿರು, ಅಜ್ಜ ಅಜ್ಜಿಯರು.

ಆ ಆಟ ಬರುವ ಹೊತ್ತಿಗೆ ಗುಂಪೆ ಯೊಕೊಯಿ ತೀರಿಕೊಂಡು ಏಳೂವರೆ ವರ್ಷ ಕಳೆದಿತ್ತು. ಆದರೆ ಆ ಯಂತ್ರದ ಮೈಯನ್ನು ಒಮ್ಮೆ ನೋಡಿ. ಮಡಚುವ ಎರಡು ಪರದೆ, ಎಡ ಹೆಬ್ಬೆರಳಿಗೆ ಕೂಡಿಸುವ ಚಿಹ್ನೆಯ ಆಕಾರದ ಗುಂಡಿ, ಜೇಬಿಗೆ ಹಿಡಿಸುವ ಗಾತ್ರ, ಮಧ್ಯಮ ವರ್ಗಕ್ಕೆ ಎಟುಕುವ ಬೆಲೆ, ಗೇಮ್ ಆಡದವರ ಕೈಗೂ ಗೇಮ್ ಕೊಡುವ ಹಠ. ಇವೆಲ್ಲ ಬಂದದ್ದು ಒಬ್ಬ ಮೇಂಟೆನೆನ್ಸ್ ಎಂಜಿನಿಯರ್‌ನ ಮೇಜಿನಿಂದ. ಗೇಮ್ ಲೋಕದಲ್ಲಿ ಮಾರಿಯೋನನ್ನು ಸೃಷ್ಟಿಸಿದ ಶಿಗೆರು ಮಿಯಾಮೊಟೊ ಅವರ ಹೆಸರು ಎಲ್ಲರಿಗೂ ಗೊತ್ತು. ಅದೇ ಮಿಯಾಮೊಟೊಗೆ ಮೊದಲು ಮೇಲ್ವಿಚಾರಕರಾಗಿದ್ದವರ ಹೆಸರು ಕೇಳಿದರೆ ನಮ್ಮಲ್ಲಿ ಹೆಚ್ಚಿನವರು ತಲೆ ಕೆರೆದುಕೊಳ್ತಾರೆ.

ಯೊಕೊಯಿ ಹುಟ್ಟಿದ್ದು 1941ರ ಸೆಪ್ಟೆಂಬರ್ 10ರಂದು, ಕ್ಯೋಟೋದಲ್ಲಿ. ಓದಿದ್ದು ಅದೇ ಊರಿನ ದೋಶಿಶಾ ವಿಶ್ವವಿದ್ಯಾಲಯದಲ್ಲಿ, ಎಲೆಕ್ಟ್ರಿಕಲ್ ವಿಷಯ. ಕ್ಲಾಸಿಗೆ ಮೊದಲಿಗರೇನೂ ಆಗಿರಲಿಲ್ಲ. ದೊಡ್ಡ ದೊಡ್ಡ ಎಲೆಕ್ಟ್ರಾನಿಕ್ಸ್ ಕಂಪನಿಗಳಿಗೆ ಅರ್ಜಿ ಹಾಕಿ, ಎಲ್ಲೂ ಕೆಲಸ ಸಿಗದೆ, 1965ರಲ್ಲಿ ಊರಲ್ಲೇ ಇದ್ದ ಒಂದು ಕಂಪನಿ ಸೇರಿದರು. ಪ್ಲೇಸ್‌ಮೆಂಟ್ ಸೀಸನ್ನಿನಲ್ಲಿ ಒಂದೊಂದೇ ಮೇಲ್ ತೆರೆದು ನೋಡಿ ಮುಚ್ಚಿದ ಅನುಭವ ಇರುವವರಿಗೆ ಈ ಭಾಗ ಬಿಡಿಸಿ ಹೇಳಬೇಕಿಲ್ಲ.

ಆ ಕಂಪನಿಯೇ ನಿಂಟೆಂಡೋ. ಆದರೆ ಅದು ಇಂದಿನ ನಿಂಟೆಂಡೋ ಅಲ್ಲ. 1889ರಲ್ಲಿ ಶುರುವಾಗಿ ಮುಕ್ಕಾಲು ಶತಮಾನ ಅದು ಮಾಡಿಕೊಂಡು ಬಂದದ್ದು ಇಸ್ಪೀಟಿನ ವ್ಯಾಪಾರ. ಹನಾಫುದ ಅಂತ ಜಪಾನೀ ಇಸ್ಪೀಟು, ಹನ್ನೆರಡು ತಿಂಗಳಿಗೆ ಹನ್ನೆರಡು ಹೂಗಿಡಗಳ ಚಿತ್ರ, ಒಟ್ಟು 48 ಎಲೆ. ಈ ಎಲೆಗಳನ್ನು ತಯಾರಿಸುವ ಯಂತ್ರಗಳು ಕೆಡದ ಹಾಗೆ ನೋಡಿಕೊಳ್ಳೋದು ಯೊಕೊಯಿ ಅವರ ಕೆಲಸ. ಡಿಗ್ರಿ ಮಾಡಿ ಇಸ್ಪೀಟು ಯಂತ್ರಕ್ಕೆ ಎಣ್ಣೆ ಬಿಡೋದಾ ಅಂತ ನಮ್ಮ ಮನೆಗಳಲ್ಲಾದರೆ ಮಾತು ಬಂದಿರುತ್ತಿತ್ತು. ಯಂತ್ರಗಳೂ ಪದೇ ಪದೇ ಕೆಡುತ್ತಿರಲಿಲ್ಲ, ಹಾಗಾಗಿ ಸಮಯ ಧಾರಾಳವಾಗಿತ್ತು. ಕಂಪನಿಯ ಲೇಥ್‌ನಲ್ಲಿ ತಮ್ಮ ಖುಷಿಗೆ ಏನೇನೋ ಮಾಡಿಕೊಂಡು ಕೂತಿರುತ್ತಿದ್ದರು.

ಹಾಗೆ ಮಾಡಿದ್ದರಲ್ಲಿ ಒಂದು, ಉದ್ದಕ್ಕೆ ಚಾಚಿಕೊಳ್ಳುವ ಕೈ. ನಮ್ಮೂರಿನ ಅಂಗಡಿಗಳ ಮುಂದೆ ಎಳೆದು ಬೀಗ ಹಾಕುವ ಮಡಚು ಗೇಟು ಇರುತ್ತಲ್ಲ, ಅಡ್ಡಡ್ಡ ಪಟ್ಟಿಗಳದ್ದು, ಅದೇ ತತ್ವ. ಹಿಡಿಕೆ ಹಿಂಡಿದರೆ ಪಟ್ಟಿಗಳೆಲ್ಲ ಬಿಚ್ಚಿಕೊಂಡು ದೂರದಲ್ಲಿರುವ ಸಾಮಾನನ್ನು ಹಿಡಿದುಕೊಳ್ಳುತ್ತದೆ. ಕಾರ್ಖಾನೆ ಸುತ್ತಲು ಬಂದ ಅಧ್ಯಕ್ಷ ಹಿರೋಶಿ ಯಾಮಾಉಚಿ ಕಣ್ಣಿಗೆ ಇದು ಬಿತ್ತು. ಯಾಮಾಉಚಿ ಬಹಳ ಕಟ್ಟುನಿಟ್ಟಿನ ಮನುಷ್ಯ. ಅವರು ಕರೆಸಿದಾಗ ಬೈಗುಳ ಕಾದಿದೆ ಅಂತಲೇ ಯೊಕೊಯಿ ಹೋದರು. ಸಿಕ್ಕಿದ್ದು ಇದನ್ನು ಆಟಿಕೆಯಾಗಿ ಮಾಡು ಅನ್ನುವ ಅಪ್ಪಣೆ. 1966ರ ವರ್ಷಾಂತ್ಯಕ್ಕೆ ಅಲ್ಟ್ರಾ ಹ್ಯಾಂಡ್ ಅಂಗಡಿಗೆ ಬಂತು, ಹತ್ತು ಲಕ್ಷಕ್ಕೂ ಹೆಚ್ಚು ಮಾರಾಟವಾಯಿತು. ಇನ್‌ಸ್ಟಂಟ್ ಅನ್ನ, ಟ್ಯಾಕ್ಸಿ ಅಂತ ಬೇರೆ ಬೇರೆ ವ್ಯಾಪಾರಕ್ಕೆ ಕೈ ಹಾಕಿ ಸುಟ್ಟುಕೊಂಡಿದ್ದ ಕಂಪನಿಗೆ ಆಟಿಕೆ ಅನ್ನೋ ದಾರಿ ಕಂಡದ್ದು ಹೀಗೆ. ಮೇಂಟೆನೆನ್ಸ್ ಹುಡುಗ ಹೊಸ ಆಟಿಕೆಗಳನ್ನು ರೂಪಿಸುವವರಾದರು.

ಮುಂದಿನ ಹತ್ತು ಹದಿನೈದು ವರ್ಷ ಅವರು ಮಾಡಿದ ಆಟಿಕೆಗಳ ಪಟ್ಟಿ ದೊಡ್ಡದು. ನನಗೆ ಬಹಳ ಇಷ್ಟವಾದ ಎರಡನ್ನು ಮಾತ್ರ ಹೇಳ್ತೀನಿ.

ಒಂದು, 1969ರ ಲವ್ ಟೆಸ್ಟರ್. ಹುಡುಗ ಹುಡುಗಿ ಕೈ ಕೈ ಹಿಡಿದುಕೊಂಡು, ಉಳಿದ ಒಂದೊಂದು ಕೈಯಲ್ಲಿ ಒಂದೊಂದು ಲೋಹದ ಗುಂಡನ್ನು ಹಿಡಿಯಬೇಕು. ಮೀಟರಿನ ಮುಳ್ಳು ಎಷ್ಟು ಏರುತ್ತದೋ ಅಷ್ಟು ಪ್ರೀತಿ. ಒಳಗೆ ಇರೋದು ಮೈಯಲ್ಲಿ ಹರಿಯುವ ಸಣ್ಣ ಕರೆಂಟನ್ನು ಅಳೆಯುವ ಮೀಟರು, ನಮ್ಮ ಪಿಯುಸಿ ಲ್ಯಾಬಿನ ಗ್ಯಾಲ್ವನೋಮೀಟರಿನ ತಮ್ಮ ಅಷ್ಟೇ. ಕೈ ಬೆವರಿದ್ದರೆ ಪ್ರೀತಿ ಜಾಸ್ತಿ! ಹುಡುಗಿಯರ ಕೈ ಹಿಡಿಯೋಕೆ ಒಂದು ನೆಪ ಬೇಕಿತ್ತು, ಅದಕ್ಕೇ ಮಾಡಿದೆ ಅಂತ ಯೊಕೊಯಿ ಆಮೇಲೆ ಮುಚ್ಚುಮರೆ ಇಲ್ಲದೆ ಒಪ್ಪಿಕೊಂಡಿದ್ದರು.

ಇನ್ನೊಂದು, 1972ರ ಲೆಫ್ಟಿ ಆರ್‌ಎಕ್ಸ್ ಅನ್ನುವ ರಿಮೋಟ್ ಕಾರು. ಆಗ ರೇಡಿಯೋ ಕಂಟ್ರೋಲ್ ಕಾರುಗಳು ಶ್ರೀಮಂತರ ಮಕ್ಕಳ ಸೊತ್ತು. ಬೆಲೆ ಇಳಿಸಬೇಕು ಅಂದರೆ ಸರ್ಕ್ಯೂಟ್ ಕಡಿಮೆ ಮಾಡಬೇಕು. ಯೊಕೊಯಿ ಮಾಡಿದ ಕಾರು ಎಡಕ್ಕೆ ಮಾತ್ರ ತಿರುಗುತ್ತಿತ್ತು, ಬಲಕ್ಕೆ ತಿರುಗೋದೇ ಇಲ್ಲ. ಕೇಳಿದರೆ ನಗು ಬರುತ್ತೆ. ಆದರೆ ಯೋಚಿಸಿ, ವೃತ್ತಾಕಾರದ ರೇಸ್ ಟ್ರ್ಯಾಕಿನಲ್ಲಿ ಬಲಕ್ಕೆ ತಿರುಗಿ ಆಗಬೇಕಾದ್ದು ಏನಿದೆ?

ಈ ಎರಡು ಆಟಿಕೆಗಳಲ್ಲೇ ಅವರ ಇಡೀ ವಿಚಾರ ಇದೆ. ಅದಕ್ಕೆ ಅವರು ಇಟ್ಟ ಜಪಾನೀ ಹೆಸರನ್ನು ಶಬ್ದಶಃ ಕನ್ನಡಕ್ಕೆ ತಂದರೆ ಒಣಗಿದ ತಂತ್ರಜ್ಞಾನದ ಅಡ್ಡ ಯೋಚನೆ ಅಂತ ಆಗುತ್ತೆ. ಒಣಗಿದ್ದು ಅಂದ ತಕ್ಷಣ ಬಾಡಿ ಹೋದದ್ದು ಅಂತ ಅನ್ನಿಸಬಹುದು. ನನಗೆ ಬಡಗಿಯ ಅರ್ಥವೇ ಹತ್ತಿರ ಅನ್ನಿಸುತ್ತೆ. ಹಸಿ ಮರದಲ್ಲಿ ಬಾಗಿಲು ಮಾಡಿದರೆ ನಾಳೆ ಸೊಟ್ಟಗಾಗುತ್ತೆ. ಕೊಯ್ದು ಒಣಗಿಸಿ ಹದಕ್ಕೆ ಬಂದ ಮರ ಮಾತ್ರ ನಂಬಿಕೆಗೆ ಅರ್ಹ. ಹಾಗೇ, ಹೊಸದಾಗಿ ಬಂದ ಚಿಪ್ಪಿನ ಹಿಂದೆ ಓಡಬೇಡ. ಎಲ್ಲರೂ ಬಳಸಿ ಬಳಸಿ ಅಗ್ಗವಾಗಿರುವ, ಅದರ ದೋಷಗಳೆಲ್ಲ ಗೊತ್ತಾಗಿರುವ ಭಾಗವನ್ನೇ ತಗೋ. ಆಮೇಲೆ ಅದನ್ನು ಯಾರೂ ಬಳಸದ ಕಡೆ ಬಳಸು. ಕ್ಯಾಲ್ಕುಲೇಟರ್ ಪರದೆ ಲೆಕ್ಕಕ್ಕೇ ಯಾಕೆ ಇರಬೇಕು ಅಂತ ಕೇಳು.

ಎಲ್ಲವೂ ಗೆದ್ದಿತು ಅಂತಲ್ಲ. 1970ರ ಸುಮಾರಿಗೆ ಶಾರ್ಪ್ ಕಂಪನಿಯ ಸೌರಕೋಶಗಳನ್ನು ಗುರಿಫಲಕದಲ್ಲಿಟ್ಟು, ಬೆಳಕು ಹಾರಿಸುವ ಬಂದೂಕಿನ ಆಟಿಕೆ ಮಾಡಿದರು. ಅದು ಚೆನ್ನಾಗಿ ಓಡಿತು. ಆ ಉತ್ಸಾಹದಲ್ಲಿ 1973ರಲ್ಲಿ ಖಾಲಿ ಬಿದ್ದಿದ್ದ ಬೌಲಿಂಗ್ ಹಾಲ್‌ಗಳಲ್ಲಿ ದೊಡ್ಡ ಪ್ರಮಾಣದ ಶೂಟಿಂಗ್ ಆಟ ಶುರು ಮಾಡಿದರು. ಅದೇ ವರ್ಷ ತೈಲ ಬಿಕ್ಕಟ್ಟು ಬಂತು, ಆರ್ಡರುಗಳೆಲ್ಲ ರದ್ದಾದವು, ಕಂಪನಿ ಸಾಲದಲ್ಲಿ ಮುಳುಗಿತು. ಆ ಹೊಡೆತದಿಂದ ಚೇತರಿಸಿಕೊಳ್ಳೋಕೆ ವರ್ಷಗಳೇ ಬೇಕಾದವು.

1980 ಯೊಕೊಯಿ ಬದುಕಿನ ದೊಡ್ಡ ವರ್ಷ. ರೂಬಿಕ್ ಕ್ಯೂಬ್ ಜಗತ್ತನ್ನು ಹುಚ್ಚೆಬ್ಬಿಸಿದ್ದ ಸಮಯ ಅದು. ಯೊಕೊಯಿ ಅದಕ್ಕೆ ತಮ್ಮದೇ ಉತ್ತರವಾಗಿ ಟೆನ್ ಬಿಲಿಯನ್ ಅನ್ನುವ ಪೀಪಾಯಿ ಆಕಾರದ ಒಗಟು ಮಾಡಿದರು. ಪಾರದರ್ಶಕ ಪ್ಲಾಸ್ಟಿಕ್ ಪೀಪಾಯಿ, ಅದರೊಳಗೆ 23 ಪುಟ್ಟ ಗುಂಡುಗಳು. ಐದು ಬಣ್ಣ, ಒಂದೊಂದು ಬಣ್ಣಕ್ಕೆ ನಾಲ್ಕು, ಜೊತೆಗೆ ಮೂರು ಕಪ್ಪು. ಮಧ್ಯದ ಭಾಗ ತಿರುಗುತ್ತದೆ, ಒಳಗಿನ ಚೌಕಟ್ಟು ಮೇಲೆ ಕೆಳಗೆ ಜಾರುತ್ತದೆ. ಕಲಸಿಹೋದ ಗುಂಡುಗಳನ್ನು ಮತ್ತೆ ಒಂದೊಂದು ಸಾಲಿಗೆ ಒಂದೊಂದೇ ಬಣ್ಣ ಬರುವ ಹಾಗೆ ಜೋಡಿಸಬೇಕು. ಬ್ಯಾಟರಿ ಇಲ್ಲ, ಪರದೆ ಇಲ್ಲ, ಶುದ್ಧ ತಲೆಕೆಲಸ. ಕ್ಯೂಬಿನಷ್ಟು ಹೆಸರು ಇದಕ್ಕೆ ಬರಲಿಲ್ಲ. ಆದರೆ ಒಗಟಿನ ಮೇಲೆ ಅವರಿಗಿದ್ದ ಪ್ರೀತಿ ಎಷ್ಟು ಹಳೆಯದು ಅನ್ನೋದಕ್ಕೆ ಸಾಕ್ಷಿ ಅದು.

ಅದೇ ವರ್ಷದ ಇನ್ನೊಂದು ವಸ್ತು ಇತಿಹಾಸವನ್ನೇ ತಿರುಗಿಸಿತು. ಒಮ್ಮೆ ಶಿಂಕಾನ್‌ಸೆನ್ ರೈಲಿನಲ್ಲಿ ಹೋಗುವಾಗ, ಬೇಜಾರು ಕಳೆಯೋಕೆ ಒಬ್ಬ ಆಫೀಸಿನ ಮನುಷ್ಯ ಕ್ಯಾಲ್ಕುಲೇಟರಿನ ಗುಂಡಿಗಳನ್ನು ಸುಮ್ಮನೆ ಒತ್ತುತ್ತಾ ಕೂತಿದ್ದನ್ನು ಯೊಕೊಯಿ ನೋಡಿದರು. ದೊಡ್ಡವರಿಗೂ ಆಟ ಬೇಕು, ಆದರೆ ಆಡೋದು ಪಕ್ಕದವರಿಗೆ ಕಾಣಬಾರದು. ಅಷ್ಟು ಚಿಕ್ಕದಾಗಿ, ಮಡಿಲಲ್ಲಿ ಬಚ್ಚಿಟ್ಟು ಎರಡು ಹೆಬ್ಬೆರಳಿನಲ್ಲೇ ಆಡುವ ಹಾಗೆ ಮಾಡಿದರೆ? ಈ ಯೋಚನೆ ಮೇಲಿನವರೆಗೆ ತಲುಪಿದ್ದೇ ಒಂದು ಕತೆ. ಯಾಮಾಉಚಿ ಅವರ ಕಾರಿನ ಡ್ರೈವರ್‌ಗೆ ಒಂದು ದಿನ ಮೈ ಸರಿ ಇರಲಿಲ್ಲ. ಸ್ಟಿಯರಿಂಗ್ ಎಡಕ್ಕಿರುವ ವಿದೇಶಿ ಕಾರು ಓಡಿಸಿ ಗೊತ್ತಿದ್ದದ್ದು ಯೊಕೊಯಿ ಒಬ್ಬರಿಗೇ. ಅಧ್ಯಕ್ಷರನ್ನು ಕೂರಿಸಿಕೊಂಡು ಸುಮ್ಮನೆ ಹೋಗೋದು ಹೇಗೆ ಅಂತ ದಾರಿಯಲ್ಲಿ ಇದನ್ನು ಹೇಳಿದರು. ಯಾಮಾಉಚಿ ಹೂಂ ಅಂತ ಕೇಳಿಸಿಕೊಂಡರು, ಅಷ್ಟೇ. ಆದರೆ ಅವತ್ತಿನ ಸಭೆಯಲ್ಲಿ ಅವರ ಪಕ್ಕ ಕೂತಿದ್ದವರು ಶಾರ್ಪ್ ಕಂಪನಿಯ ಮುಖ್ಯಸ್ಥರು. ಕ್ಯಾಲ್ಕುಲೇಟರ್ ಬೆಲೆ ಕುಸಿದು, ಎಲ್‌ಸಿಡಿ ಪರದೆಗಳಿಗೆ ಹೊಸ ಗಿರಾಕಿ ಬೇಕಾಗಿದ್ದ ಕಾಲ. ವಾರದಲ್ಲಿ ಶಾರ್ಪ್‌ನವರು ಯೊಕೊಯಿ ಅವರನ್ನೇ ಹುಡುಕಿಕೊಂಡು ಬಂದರು.

1980ರ ಏಪ್ರಿಲ್‌ನಲ್ಲಿ ಮೊದಲ ಗೇಮ್ ಅಂಡ್ ವಾಚ್ ಬಂತು. ಅದರ ತಂತ್ರ ಸರಳ. ಕ್ಯಾಲ್ಕುಲೇಟರಿನಲ್ಲಿ ಎಂಟು ಅನ್ನುವ ಅಂಕಿ ಏಳು ಗೆರೆಗಳಿಂದ ಆಗಿರುತ್ತಲ್ಲ, ಬೇಕಾದ ಗೆರೆ ಮಾತ್ರ ಕಪ್ಪಾದರೆ ಬೇರೆ ಬೇರೆ ಅಂಕಿ. ಇಲ್ಲಿ ಗೆರೆಗಳ ಬದಲು ಚೆಂಡು, ಕೈ, ಮನುಷ್ಯನ ಆಕಾರಗಳನ್ನೇ ಪರದೆಯಲ್ಲಿ ಮೊದಲೇ ಅಚ್ಚು ಮಾಡಿಟ್ಟಿದ್ದರು. ಒಂದರ ನಂತರ ಒಂದು ಕಪ್ಪಾದರೆ ಚೆಂಡು ಹಾರಿದ ಹಾಗೆ ಕಾಣುತ್ತೆ. ಆಡದೇ ಇದ್ದಾಗ ಗಡಿಯಾರ. ಈ ಸರಣಿಯ ಆಟಗಳು ಒಟ್ಟು 4 ಕೋಟಿ 34 ಲಕ್ಷ ಮಾರಾಟವಾದವು, ನಿಂಟೆಂಡೋದ ಸಾಲ ತೀರಿತು.

1982ರಲ್ಲಿ ಇದೇ ಸರಣಿಗೆ ಎರಡು ಪರದೆಯ, ಪುಸ್ತಕದ ಹಾಗೆ ಮಡಚುವ ಮಾದರಿಗಳು ಬಂದವು. ಅವುಗಳಲ್ಲಿ ಡಾಂಕಿ ಕಾಂಗ್ ಆಟಕ್ಕೆ ನಾಲ್ಕು ದಿಕ್ಕಿಗೂ ಓಡಾಟ ಬೇಕಿತ್ತು. ಜಾಯ್‌ಸ್ಟಿಕ್ ಇಟ್ಟರೆ ಮುಚ್ಚಳ ಮುಚ್ಚೋದಿಲ್ಲ. ಯೊಕೊಯಿ ಒಂದೇ ಪ್ಲಾಸ್ಟಿಕ್ ತುಂಡನ್ನು ಕೂಡಿಸುವ ಚಿಹ್ನೆಯ ಆಕಾರಕ್ಕೆ ತಂದು, ಕೆಳಗೆ ನಾಲ್ಕು ಸಂಪರ್ಕ ಇಟ್ಟರು. ಹೆಬ್ಬೆರಳನ್ನು ಎತ್ತಬೇಕಿಲ್ಲ, ನೋಡಬೇಕಿಲ್ಲ, ವಾಲಿಸಿದರೆ ಸಾಕು, ದಿಕ್ಕು ಬೆರಳಿಗೇ ಗೊತ್ತಾಗುತ್ತೆ. ಮರುವರ್ಷ ನಿಂಟೆಂಡೋದ ಟಿವಿ ಕನ್ಸೋಲಿಗೂ ಅದೇ ಹೋಯಿತು. ನಲವತ್ತು ವರ್ಷ ದಾಟಿದರೂ ಗೇಮ್ ಕಂಟ್ರೋಲರುಗಳಿಂದ ಆ ಗುಂಡಿ ಹೋಗಿಲ್ಲ. ನಿಮ್ಮ ರೂಮಿನಲ್ಲಿ ಇರೋದನ್ನು ಒಮ್ಮೆ ತೆಗೆದು ನೋಡಿ.

ಎಂಬತ್ತರ ದಶಕದ ಉಳಿದ ಸಂಗತಿ ಬೇಗ ಹೇಳಿಬಿಡ್ತೀನಿ. 1981ರಲ್ಲಿ ಚಿತ್ರ ಬರೆಯುವ ಹುಡುಗನಾಗಿದ್ದ ಮಿಯಾಮೊಟೊಗೆ ಮೊದಲ ದೊಡ್ಡ ಆಟ ಮಾಡುವ ಅವಕಾಶ ಸಿಕ್ಕಾಗ, ಮೇಲ್ವಿಚಾರಣೆ ಯೊಕೊಯಿ ಅವರದ್ದು. 1986ರ ಮೆಟ್ರಾಯ್ಡ್ ಅವರ ವಿಭಾಗದಿಂದಲೇ ಬಂತು. ಆದರೆ ಇವರ ಮನಸ್ಸು ಟಿವಿ ಮುಂದೆ ಕೂತು ಆಡುವ ಆಟಗಳಿಗಿಂತ ಜೇಬಿನ ಆಟದ ಕಡೆಗೇ ಇತ್ತು.

1989ರ ಏಪ್ರಿಲ್ 21ರಂದು ಗೇಮ್ ಬಾಯ್ ಬಂತು. ಇದರ ಶ್ರೇಯಸ್ಸನ್ನು ಪೂರ್ತಿ ಯೊಕೊಯಿ ಒಬ್ಬರಿಗೇ ಕೊಟ್ಟರೆ ತಪ್ಪಾಗುತ್ತೆ. ಅವರು ಮೊದಲು ಬಯಸಿದ್ದು ಗೇಮ್ ಅಂಡ್ ವಾಚ್‌ನ ಮುಂದುವರಿಕೆಯಂಥ ಇನ್ನೂ ಸರಳವಾದ ಆಟಿಕೆ. ಕಾರ್ಟ್ರಿಜ್ ಬದಲಾಯಿಸಿ ವರ್ಷಗಟ್ಟಲೆ ಬಾಳುವ ನಿಜವಾದ ಕನ್ಸೋಲ್ ಬೇಕು ಅಂತ ಜಗಳ ಮಾಡಿದವರು ಅವರ ಕೈಕೆಳಗಿನ ಸತೋರು ಒಕಾಡಾ. ಕೊನೆಗೆ ಯೊಕೊಯಿ ಸೋತು, ನೀನೇ ನೋಡ್ಕೋ ಅಂತ ಒಪ್ಪಿದರು. ಮೇಲಿನ ಅಧಿಕಾರಿ ಕಿರಿಯರ ಮಾತಿಗೆ ಸೋಲೋದು ಆ ಕಾಲದ ಜಪಾನೀ ಕಂಪನಿಯಲ್ಲಿ ಸಣ್ಣ ವಿಷಯ ಅಲ್ಲ. ನನ್ನ ಮಟ್ಟಿಗೆ ಯೊಕೊಯಿ ದೊಡ್ಡವರಾಗಿ ಕಾಣೋದು ಇಲ್ಲಿ.

ಆದರೆ ಪರದೆಯ ವಿಷಯದಲ್ಲಿ ಅವರು ಸೋಲಲಿಲ್ಲ. ಬಣ್ಣ ಬೇಡ, ಹಿಂಬದಿಯ ಬೆಳಕೂ ಬೇಡ ಅಂತ ಪಟ್ಟು ಹಿಡಿದರು. ಬಣ್ಣ ಅಂದರೆ ಬೆಲೆ ಮತ್ತು ಬ್ಯಾಟರಿ. ಕರಿಹಲಗೆಯ ಮೇಲೆ ಎರಡು ವೃತ್ತ ಬರೆದು ಹಿಮದ ಬೊಂಬೆ ಅಂದರೆ ನೋಡುವವರ ಮನಸ್ಸೇ ಅದಕ್ಕೆ ಬಿಳಿ ಬಣ್ಣ ತುಂಬಿಕೊಳ್ಳುತ್ತೆ ಅನ್ನುವುದು ಅವರ ವಾದ. ಮೊದಲ ಮಾದರಿಯ ಪರದೆ ಸ್ವಲ್ಪ ಓರೆಯಾಗಿ ಹಿಡಿದರೂ ಏನೂ ಕಾಣುತ್ತಿರಲಿಲ್ಲ. ಯಾಮಾಉಚಿ ಅದನ್ನು ನೋಡಿ ಇಡೀ ಯೋಜನೆಯನ್ನೇ ಕೈಬಿಡುವ ಮಾತಾಡಿದರು. ಆ ದಿನಗಳಲ್ಲಿ ಯೊಕೊಯಿ ಊಟ ನಿದ್ದೆ ಕೆಡಿಸಿಕೊಂಡಿದ್ದರು. ಎಲ್‌ಸಿಡಿಯ ಬಗೆಯನ್ನೇ ಬದಲಾಯಿಸಿದ ಮೇಲೆ, ಅವಸರ ಅವಸರವಾಗಿ ಸಮಸ್ಯೆ ಬಗೆಹರಿಯಿತು. ಉಳಿದದ್ದು ನಾಲ್ಕು ಛಾಯೆಯ ಹಸಿರು ಮಿಶ್ರಿತ ಪರದೆ.

ಅದೇ ವರ್ಷ ಅಟಾರಿ ಲಿಂಕ್ಸ್ ಬಂತು, ಮರುವರ್ಷ ಸೆಗಾದ ಗೇಮ್ ಗಿಯರ್. ಎರಡಕ್ಕೂ ಬಣ್ಣದ, ಬೆಳಕಿನ ಪರದೆ. ಪ್ರತಿಸ್ಪರ್ಧಿಯ ಯಂತ್ರ ಬರ್ತಿದೆ ಅಂತ ಗಾಬರಿಯಿಂದ ಬಂದು ಹೇಳಿದ ಸಹೋದ್ಯೋಗಿಯನ್ನು ಯೊಕೊಯಿ ಕೇಳಿದ್ದು ಒಂದೇ ಪ್ರಶ್ನೆ, ಅದು ಬಣ್ಣದ್ದಾ ಅಂತ. ಹೌದು ಅಂದ ಮೇಲೆ ನಿಶ್ಚಿಂತರಾದರು. ಅವರ ಲೆಕ್ಕ ಸರಿಯಾಗಿತ್ತು. ಅಮೆರಿಕದಲ್ಲಿ ಗೇಮ್ ಬಾಯ್ ಸುಮಾರು 90 ಡಾಲರ್, ಲಿಂಕ್ಸ್ 180, ಗೇಮ್ ಗಿಯರ್ 150. ಅವುಗಳಿಗೆ ಆರು ಬ್ಯಾಟರಿ, ನಾಲ್ಕೈದು ಗಂಟೆಗೆಲ್ಲ ಖಾಲಿ. ಗೇಮ್ ಬಾಯ್‌ಗೆ ನಾಲ್ಕು ಬ್ಯಾಟರಿ, ಹತ್ತು ಗಂಟೆಗೂ ಮೀರಿ ಆಡಬಹುದು. ಕೈಯಿಂದ ಬಿದ್ದರೂ ಎದ್ದು ನಿಲ್ಲುವ ಗಟ್ಟಿ ಮೈ. ಮಗುವಿಗೆ ಕೊಡಿಸುವ ಅಪ್ಪ ಅಮ್ಮ ಮೊದಲು ನೋಡೋದು ಇದನ್ನೇ ಅಲ್ವಾ?

ಆ ಪರದೆಗೆ ಹೇಳಿ ಮಾಡಿಸಿದ ಹಾಗೆ ಬಂದ ಆಟ ಟೆಟ್ರಿಸ್. 1984ರಲ್ಲಿ ಮಾಸ್ಕೋದ ವಿಜ್ಞಾನ ಅಕಾಡೆಮಿಯ ಕಂಪ್ಯೂಟರ್ ಕೇಂದ್ರದಲ್ಲಿ ಅಲೆಕ್ಸಿ ಪಜಿಟ್ನೋವ್ ಮಾಡಿದ್ದು. ಮೇಲಿಂದ ಬೀಳುವ ನಾಲ್ಕು ಚೌಕದ ತುಂಡುಗಳನ್ನು ತಿರುಗಿಸಿ ಸಾಲು ತುಂಬಿಸಬೇಕು, ತುಂಬಿದ ಸಾಲು ಮಾಯ. ಇದಕ್ಕೆ ಬಣ್ಣ ಯಾಕೆ, ಕತೆ ಯಾಕೆ? ಅಮೆರಿಕದಲ್ಲಿ ಗೇಮ್ ಬಾಯ್ ಜೊತೆಯಲ್ಲೇ ಇದನ್ನು ಕೊಟ್ಟರು. ಮಕ್ಕಳಿಗೆ ಅಂತ ತಂದ ಯಂತ್ರವನ್ನು ರಾತ್ರಿ ಮಕ್ಕಳು ಮಲಗಿದ ಮೇಲೆ ಅಮ್ಮಂದಿರು ಆಡೋಕೆ ಶುರು ಮಾಡಿದರು. ಜೇಬಿನ ಯಂತ್ರದಲ್ಲಿ ದೊಡ್ಡವರಿಗೆ ಒಗಟು ಮಾರಬಹುದು ಅನ್ನೋದು ಅವತ್ತೇ ಸಾಬೀತಾಯಿತು. ಮೆದುಳಿನ ವ್ಯಾಯಾಮ ಅಂತ ಹೆಸರಿಡೋಕೆ ಇನ್ನೂ ಹದಿನಾರು ವರ್ಷ ಬೇಕಾಯಿತು, ಅಷ್ಟೇ. ಗೇಮ್ ಬಾಯ್ ಮತ್ತು ಅದರ ಬಣ್ಣದ ತಮ್ಮ ಸೇರಿ 11 ಕೋಟಿ 86 ಲಕ್ಷಕ್ಕೂ ಹೆಚ್ಚು ಮಾರಾಟವಾದವು.

ಕರ್ನಾಟಕದಲ್ಲಿ ಬೆಳೆದ ನಮ್ಮಲ್ಲಿ ನಿಜವಾದ ಗೇಮ್ ಬಾಯ್ ನೋಡಿದವರು ಕಡಿಮೆ. ಆದರೆ ತೊಂಬತ್ತರ ದಶಕದಲ್ಲಿ ಜಾತ್ರೆ, ಬಸ್ ಸ್ಟ್ಯಾಂಡು, ಫ್ಯಾನ್ಸಿ ಸ್ಟೋರುಗಳಲ್ಲೆಲ್ಲ ತೂಗುಹಾಕಿರುತ್ತಿದ್ದ ಬ್ರಿಕ್ ಗೇಮ್ ಯಾರಿಗೆ ನೆನಪಿಲ್ಲ? 9999 ಆಟ ಅಂತ ಬರೆದಿರುತ್ತಿತ್ತು, ಒಳಗೆ ನೋಡಿದರೆ ಟೆಟ್ರಿಸ್‌ನದ್ದೇ ನೂರು ವೇಷ. ಗೇಮ್ ಬಾಯ್‌ನ ಅಗ್ಗದ ನಕಲು ಅದು. ಅಚ್ಚು ಮಾಡಿದ ಪುಟ್ಟ ಚೌಕಗಳು ಕಪ್ಪಾಗುವ ಆ ಪರದೆ ಮಾತ್ರ ಗೇಮ್ ಅಂಡ್ ವಾಚ್‌ನ ಜಾತಿಯದ್ದೇ. ಅಣ್ಣ ತಂಗಿಯರ ಜಗಳಗಳಿಗೆ ಕಾರಣವಾದ ಆ ಡಬ್ಬಿಯ ಹಿಂದೆ ಕ್ಯೋಟೋದ ಈ ಮನುಷ್ಯನ ನೆರಳಿತ್ತು.

ಇಲ್ಲಿಂದ ಮುಂದಿನ ಕತೆ ಬರೆಯೋದು ಕಷ್ಟ.

ಅಮೆರಿಕದ ಮ್ಯಾಸಚೂಸೆಟ್ಸ್‌ನ ಒಂದು ಕಂಪನಿ, ಕೆಂಪು ಎಲ್‌ಇಡಿಗಳ ಒಂದೇ ಸಾಲು ಮತ್ತು ವೇಗವಾಗಿ ಅಲುಗುವ ಕನ್ನಡಿ ಬಳಸಿ ಚಿತ್ರ ಮೂಡಿಸುವ ತಂತ್ರ ತಂದಿತ್ತು. ಎರಡು ಕಣ್ಣಿಗೆ ಎರಡು ಬೇರೆ ಚಿತ್ರ ಕೊಟ್ಟರೆ ಆಳ ಕಾಣುತ್ತೆ. ಯೊಕೊಯಿ ಇದಕ್ಕೆ ಮರುಳಾದರು. ಸುತ್ತ ಸಂಪೂರ್ಣ ಕತ್ತಲು, ಆ ಕತ್ತಲಲ್ಲಿ ತೇಲುವ ಕೆಂಪು ಗೆರೆಗಳು. ಕೆಂಪು ಎಲ್‌ಇಡಿ ಅಗ್ಗ, ಬ್ಯಾಟರಿಯೂ ಕಡಿಮೆ ಸಾಕು. ತಮ್ಮ ಹಳೆಯ ಸೂತ್ರಕ್ಕೆ ಇದು ಸರಿಹೊಂದುತ್ತೆ ಅಂತ ಅವರಿಗೆ ಅನ್ನಿಸಿರಬೇಕು. ತಲೆಗೆ ಕಟ್ಟಿಕೊಳ್ಳುವ ಯೋಚನೆ ಸುರಕ್ಷತೆಯ ಆತಂಕಗಳಿಂದ ಕೈಬಿಟ್ಟುಹೋಗಿ, ಕೊನೆಗೆ ಮೇಜಿನ ಮೇಲೆ ಎರಡು ಕಾಲಿನ ಸ್ಟ್ಯಾಂಡಿನಲ್ಲಿ ನಿಲ್ಲಿಸಿ, ಬಗ್ಗಿ ಮುಖ ತೂರಿಸಿ ನೋಡುವ ವಸ್ತುವಾಯಿತು. ಜೇಬಿಗೂ ಹಿಡಿಸದು, ತಲೆಗೂ ಹಿಡಿಸದು. ಆಡಿದವರಿಗೆ ಕುತ್ತಿಗೆ ನೋವು, ತಲೆನೋವು. ಕಂಪನಿಯ ಗಮನವೆಲ್ಲ ನಿಂಟೆಂಡೋ 64ರ ಮೇಲಿತ್ತು. 1995ರ ಜುಲೈನಲ್ಲಿ ಬಂದ ವರ್ಚುವಲ್ ಬಾಯ್ ಸುಮಾರು 7 ಲಕ್ಷ 70 ಸಾವಿರ ಮಾರಾಟವಾಗಿ, ವರ್ಷ ತುಂಬುವುದರೊಳಗೆ ಜಪಾನಿನಲ್ಲಿ ನಿಂತುಹೋಯಿತು.

ಸೂತ್ರ ಬಿಟ್ಟದ್ದಕ್ಕೆ ಸೋತರು ಅಂತ ಕೆಲವರು ಬರೀತಾರೆ. ನನಗೆ ಹಾಗನ್ನಿಸೋದಿಲ್ಲ. ಒಣಗಿದ ಮರ ಇತ್ತು, ಅಡ್ಡ ಯೋಚನೆಯೂ ಇತ್ತು. ಕಾಣೆಯಾಗಿದ್ದು ರೈಲಿನಲ್ಲಿ ಕ್ಯಾಲ್ಕುಲೇಟರ್ ಒತ್ತುತ್ತಿದ್ದ ಆ ಮನುಷ್ಯ. ಲವ್ ಟೆಸ್ಟರ್ ಇಬ್ಬರ ಕೈ ಸೇರಿಸಿತ್ತು, ಗೇಮ್ ಬಾಯ್ ಒಂದು ಕೇಬಲ್ಲಿನಿಂದ ಇಬ್ಬರು ಗೆಳೆಯರನ್ನು ಜೋಡಿಸಿತ್ತು. ವರ್ಚುವಲ್ ಬಾಯ್‌ನಲ್ಲಿ ಮುಖ ತೂರಿಸಿದವರಿಗೆ ಪಕ್ಕದಲ್ಲಿ ಯಾರಿದ್ದಾರೆ ಅಂತಲೂ ಕಾಣುತ್ತಿರಲಿಲ್ಲ.

1996ರ ಜುಲೈನಲ್ಲಿ ಗೇಮ್ ಬಾಯ್ ಪಾಕೆಟ್ ಬಂತು. ಎರಡೇ ಸಣ್ಣ ಬ್ಯಾಟರಿ, ಮೊದಲಿಗಿಂತ ಸ್ಪಷ್ಟ ಪರದೆ, ತೆಳ್ಳಗೆ. ಆಗಸ್ಟ್ 15ರಂದು ಯೊಕೊಯಿ ಮೂವತ್ತೊಂದು ವರ್ಷದ ನಿಂಟೆಂಡೋವನ್ನು ಬಿಟ್ಟು ಹೊರಬಂದರು. ಪತ್ರಿಕೆಗಳು ಇದನ್ನು ವರ್ಚುವಲ್ ಬಾಯ್ ಸೋಲಿಗೆ ಗಂಟು ಹಾಕಿದವು. ಕಂಪನಿ ಬಿಡಬೇಕು ಅಂತ ಮೊದಲೇ ಅಂದುಕೊಂಡಿದ್ದೆ ಅನ್ನೋದು ಅವರ ಮಾತಿನ ಸಾರ. ಎರಡೂ ನಿಜ ಇರಬಹುದು. ಮೂವತ್ತೊಂದು ವರ್ಷ ಗೆಲ್ಲಿಸಿದವರ ಹೆಸರು ಒಂದು ಸೋಲಿನ ಜೊತೆ ಸುದ್ದಿಯಾಗೋದನ್ನು ನೋಡಿ ಅವರಿಗೆ ಏನನ್ನಿಸಿತೋ, ಊಹಿಸೋಕೂ ಕಷ್ಟ.

ಹೊರಬಂದವರು ಸುಮ್ಮನೆ ಕೂರಲಿಲ್ಲ. ಕ್ಯೋಟೋದಲ್ಲೇ ಕೊಟೊ ಲ್ಯಾಬೊರೇಟರಿ ಅಂತ ಪುಟ್ಟ ಕಂಪನಿ ಕಟ್ಟಿದರು. ಅಲ್ಲಿ ಬಂದೈ ಕಂಪನಿಗಾಗಿ ಒಂದು ಹೊಸ ಜೇಬು ಕನ್ಸೋಲ್ ರೂಪಿಸೋಕೆ ಕೈ ಹಾಕಿದರು. ಮತ್ತೆ ಅದೇ ಹಳೇ ಹಠ: ಕಪ್ಪು ಬಿಳುಪು ಪರದೆ, ಒಂದೇ ಒಂದು ಬ್ಯಾಟರಿ, ಬೆಲೆ ಆದಷ್ಟು ಕಡಿಮೆ. ಅಡ್ಡವಾಗಿ ಹಿಡಿದೂ ಆಡಬಹುದು, ಉದ್ದಕ್ಕೆ ತಿರುಗಿಸಿ ಹಿಡಿದೂ ಆಡಬಹುದು. ಅದಕ್ಕೆ ಅಂತಲೇ ಒಂದು ಒಗಟಿನ ಆಟವನ್ನೂ ಯೋಚಿಸಿದ್ದರು.

ಅದು ಮುಗಿಯುವುದನ್ನು ಅವರು ನೋಡಲಿಲ್ಲ. 1997ರ ಅಕ್ಟೋಬರ್ 4ರ ಸಂಜೆ, ಇಶಿಕಾವಾ ಪ್ರಾಂತ್ಯದ ಹೊಕುರಿಕು ಹೆದ್ದಾರಿಯಲ್ಲಿ ಅವರು ಕೂತಿದ್ದ ಕಾರು ಮುಂದಿದ್ದ ಲಾರಿಗೆ ತಾಗಿತು. ಅಂಥ ದೊಡ್ಡ ಪೆಟ್ಟೇನೂ ಅಲ್ಲ. ಏನಾಗಿದೆ ನೋಡೋಣ ಅಂತ ಕೆಳಗಿಳಿದವರಿಗೆ ಹಿಂದಿನಿಂದ ಬಂದ ಇನ್ನೊಂದು ಕಾರು ಬಡಿಯಿತು. ಯೊಕೊಯಿ ಬದುಕುಳಿಯಲಿಲ್ಲ. ವಯಸ್ಸು ಐವತ್ತಾರು.

1999ರ ಮಾರ್ಚ್‌ನಲ್ಲಿ ವಂಡರ್‌ಸ್ವಾನ್ ಹೆಸರಿನಲ್ಲಿ ಆ ಕನ್ಸೋಲ್ ಬಿಡುಗಡೆಯಾಯಿತು. ಬೆಲೆ 4,800 ಯೆನ್, ಗೇಮ್ ಬಾಯ್‌ನ ಮೊದಲ ಬೆಲೆಯಾದ 12,500 ಯೆನ್‌ನ ಅರ್ಧಕ್ಕಿಂತ ಕಡಿಮೆ. ಜೊತೆಗೇ ಬಂದ ಒಗಟಿನ ಆಟಕ್ಕೆ ಅವರ ಹೆಸರನ್ನೇ ಇಟ್ಟಿದ್ದರು, ಗುಂಪೆ. ನಮ್ಮ ಕಿವಿಗೆ ಗುಂಪು ಅಂತ ಕೇಳಿಸುವ ಆ ಹೆಸರು ಈ ಆಟಕ್ಕೆ ಒಪ್ಪುತ್ತೆ ಕೂಡ. ಓರೆ ಗೆರೆ, ಮುರಿದ ಗೆರೆ ಇರುವ ಚೌಕಗಳು ಕೆಳಗಿನಿಂದ ಮೇಲೇರುತ್ತಾ ಬರುತ್ತವೆ. ಅವನ್ನು ಮೇಲೆ ಕೆಳಗೆ ಅದಲು ಬದಲು ಮಾಡಿ, ಎಡ ಅಂಚಿನಿಂದ ಬಲ ಅಂಚಿನವರೆಗೆ ಕಡಿಯದ ಒಂದು ಗೆರೆ ಹೆಣೆಯಬೇಕು. ಎರಡು ನಿಮಿಷದಲ್ಲಿ ಕಲಿಯಬಹುದು, ಬಿಡೋದು ಮಾತ್ರ ಕಷ್ಟ. 2003ರಲ್ಲಿ ಗೇಮ್ ಡೆವಲಪರ್ಸ್ ಚಾಯ್ಸ್ ಪ್ರಶಸ್ತಿ ಸಮಿತಿ ಅವರಿಗೆ ಮರಣೋತ್ತರವಾಗಿ ಜೀವಮಾನ ಸಾಧನೆಯ ಗೌರವ ಕೊಟ್ಟಿತು.

2004ರ ಕೊನೆಗೆ ಬಂದ ನಿಂಟೆಂಡೋ ಡಿಎಸ್ ಯಂತ್ರದ ಕೆಲಸವನ್ನು ಮುನ್ನಡೆಸಿದವರು, ಗೇಮ್ ಬಾಯ್‌ಗಾಗಿ ಯೊಕೊಯಿ ಜೊತೆ ಜಗಳ ಮಾಡಿದ್ದ ಅದೇ ಒಕಾಡಾ. 1982ರ ಮಡಚುವ ಎರಡು ಪರದೆ ಮತ್ತೆ ತೆರೆದುಕೊಂಡಿತು. ಮೆದುಳಿನ ವಯಸ್ಸು ಹೇಳುವ ಆಟ ಅದರ ಮೇಲೆ ಕೂತು ಮನೆ ಮನೆಗೆ ಹೋಯಿತು. ಅಂಥ ಆಟಗಳಿಂದ ಬುದ್ಧಿ ನಿಜವಾಗಿ ಚುರುಕಾಗುತ್ತಾ? ಇದೇ ಆಟದ ಮೇಲಲ್ಲದಿದ್ದರೂ, ಈ ಬಗೆಯ ಕಂಪ್ಯೂಟರ್ ಅಭ್ಯಾಸಗಳನ್ನು 11 ಸಾವಿರಕ್ಕೂ ಹೆಚ್ಚು ಜನರಿಂದ ಮಾಡಿಸಿ ನೋಡಿದ ಒಂದು ಬ್ರಿಟಿಷ್ ಅಧ್ಯಯನ 2010ರಲ್ಲಿ ನೇಚರ್ ಪತ್ರಿಕೆಯಲ್ಲಿ ಬಂತು. ಅಭ್ಯಾಸ ಮಾಡಿದ ಕೆಲಸದಲ್ಲಿ ಜನ ಸುಧಾರಿಸಿದರು, ಬೇರೆ ಕೆಲಸಗಳಿಗೆ ಆ ಚುರುಕು ದಾಟಲಿಲ್ಲ ಅಂತ ಅದರ ಫಲಿತಾಂಶ. ಯೊಕೊಯಿ ಇದ್ದಿದ್ದರೆ ಮೆದುಳಿನ ಮೀಟರನ್ನು ತಮ್ಮ ಲವ್ ಟೆಸ್ಟರಿನ ಪಕ್ಕದಲ್ಲೇ ಇಟ್ಟು ನಗುತ್ತಿದ್ದರೋ ಏನೋ.

ಅಮ್ಮಂದಿರು, ಅಜ್ಜಂದಿರು ಮಗ್ಗಿ ಲೆಕ್ಕ ಮಾಡುತ್ತಾ ಕೂತಿದ್ದ ಆ ಹೊತ್ತಿನಲ್ಲೇ, 2006ರಲ್ಲಿ, ಡಿಎಸ್ ಯಂತ್ರಕ್ಕೆ ಇನ್ನೊಂದು ಒಗಟಿನ ಆಟ ಬಂತು. ಗೆರೆಗೆ ಗೆರೆ ಸೇರಿಸಿ ಎಡದಿಂದ ಬಲಕ್ಕೆ ಹೆಣೆಯುವ ಆಟ. ಪೆಟ್ಟಿಗೆಯ ಮೇಲೆ ಗುಂಪೆ ಡಿಎಸ್ ಅಂತ ಬರೆದಿತ್ತು.